ಪದ್ಮಿನಿಯ ಮೀಟರ್ ನಂಬಿ ಕೆಟ್ಟೆ

ಹಳೆಯ ಪ್ರೀಮಿಯರ್ ಪದ್ಮಿನಿ ಕಾರು ಕೊಳ್ಳಲು ಹೊರಟವರು ಇದನ್ನು ಓದಿ, ಆಮೇಲೆ ಮುಂಗಡ ಕೊಡಿ.

ಕಳೆದ ವರ್ಷ ಉಡುಪಿಯ ಹತ್ತಿರ ಒಂದು ಮನೆಯಂಗಳದಲ್ಲಿ 1984ರ ಗಾಡಿ ನೋಡಿದೆ. ಕೆನೆ ಬಣ್ಣ, ಸ್ಟೀರಿಂಗ್ ಬುಡದಲ್ಲೇ ಗೇರ್, ಮೀಟರಿನಲ್ಲಿ 38,412 ಕಿ.ಮೀ. ‘ಅಪ್ಪ ಭಾನುವಾರ ಮಾತ್ರ ಹೊರಗೆ ತೆಗೆಯುತ್ತಿದ್ದರು’ ಎಂದ ಮಾರುವವನು. ನಾನು ಕರಗಿಹೋದೆ. ಒಂದೂವರೆ ಲಕ್ಷ ಎಣಿಸಿ ಕೊಟ್ಟೆ.

ಮಂಗಳೂರಿಗೆ ತರುವಾಗ ಪಡುಬಿದ್ರಿ ದಾಟುವಷ್ಟರಲ್ಲಿ ಹಿಂದೆ ನೀಲಿ ಹೊಗೆ. ತಿಂಗಳೊಳಗೆ ಎಂಜಿನ್ ಬಿಚ್ಚಬೇಕಾಯಿತು. ಮೆಕ್ಯಾನಿಕ್ ಪಿಸ್ಟನ್ನಿನ ತಲೆಗೆ ಕಟ್ಟಿದ್ದ ಮಸಿಯನ್ನು ಕೆರೆದು, ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ನನ್ನನ್ನು ಹತ್ತಿರ ಕರೆದ. ಅಲ್ಲಿ ಓವರ್‌ಸೈಜ್ ಅಂಕಿ ಒತ್ತಿತ್ತು. ಸಿಲಿಂಡರ್ ಸವೆದು, ಅದನ್ನು ಬೋರ್ ಮಾಡಿಸಿ, ಅಂದರೆ ಕೊರೆದು ಅಗಲ ಮಾಡಿಸಿ, ದೊಡ್ಡ ಪಿಸ್ಟನ್ ಕೂರಿಸಿ, ಅದೂ ಸವೆದಾಗಿದೆ ಎಂದರ್ಥ. ಭಾನುವಾರದ ಗಾಡಿಗೆ ಮೂವತ್ತೆಂಟು ಸಾವಿರದಲ್ಲೇ ಈ ಗತಿಯೇ?

ನನಗೆ ಹೊಳೆಯದೇ ಹೋದದ್ದು ಒಂದೇ: ಆ ಮೀಟರಿಗೆ ಇರುವುದು ಐದೇ ಅಂಕಿ. 99,999 ಆದ ಮೇಲೆ ಪುನಃ ಸೊನ್ನೆ. ಅಲ್ಲಿ ಕಾಣುವ 38,412 ನಿಜವಾಗಿ 1,38,412 ಇರಬಹುದು, 2,38,412 ಕೂಡ ಇರಬಹುದು. ಅದೂ ಮೀಟರ್ ಕೇಬಲ್ ಗಟ್ಟಿಯಾಗಿದ್ದರೆ. ಗೇರ್‌ಬಾಕ್ಸಿನಿಂದ ಬರುವ ಆ ಕೇಬಲ್ ತುಂಡಾದರೆ ಗಾಡಿ ಓಡುತ್ತದೆ, ಅಂಕಿ ಓಡುವುದಿಲ್ಲ. ವರ್ಷಗಟ್ಟಲೆ ಹಾಗೆಯೇ ಓಡಿಸಿದವರು ನಮ್ಮ ಕೇರಿಯಲ್ಲೇ ಇದ್ದರು.

ಸುಳಿವುಗಳೆಲ್ಲ ಕಣ್ಣೆದುರೇ ಇದ್ದವು. ಪೆಡಲ್‌ಗಳ ರಬ್ಬರ್ ಹೊಸದು. ಎತ್ತಿ ನೋಡಿದರೆ ಕ್ಲಚ್ ಪೆಡಲ್ಲಿನ ಕಬ್ಬಿಣದ ಒಂದು ಅಂಚು ಸವೆದು ನಾಣ್ಯದಂತೆ ಹೊಳೆಯುತ್ತಿತ್ತು. ಚಾಲಕನ ಬಾಗಿಲನ್ನು ಎತ್ತಿ ಹಿಡಿದರೆ ಮಾತ್ರ ಮುಚ್ಚಿಕೊಳ್ಳುತ್ತಿತ್ತು, ಎಡಗಡೆಯದು ಬೆರಳಿನಿಂದ ತಳ್ಳಿದರೂ ಸಾಕು. ಡ್ಯಾಶ್‌ಬೋರ್ಡಿನ ಸಂದಿಯಲ್ಲಿ ಆಯಿಲ್ ಬದಲಿಸಿದ ಚೀಟಿಯೊಂದು ಸಿಕ್ಕಿತು: 1993, 71,300 ಕಿ.ಮೀ. ಆಮೇಲಿನ ವರ್ಷಗಳದ್ದು ಏನೂ ಇಲ್ಲ. ಹಳೆಯ ಬಿಲ್ಲು, ಸರ್ವಿಸ್ ಪುಸ್ತಕ ಕೇಳಬೇಕಿತ್ತು, ಕೇಳಲಿಲ್ಲ. ಅಪ್ಪನ ಕಥೆ ಅಷ್ಟು ಚೆನ್ನಾಗಿತ್ತು. ಆರ್‌ಸಿಯಲ್ಲಿ ಅವನು ಮೂರನೆಯ ಮಾಲೀಕ ಎಂಬುದನ್ನಾದರೂ ಗಮನಿಸಬಹುದಿತ್ತು. ಮೊದಲಿಬ್ಬರ ಹೆಸರಿನಲ್ಲಿ ಅಪ್ಪ ಎಲ್ಲೂ ಇರಲಿಲ್ಲ.

ಅವನೇ ಮೋಸ ಮಾಡಿದನೋ, ಅವನಿಗೂ ಯಾರಾದರೂ ಇದೇ ಕಥೆ ಹೇಳಿ ಮಾರಿದ್ದರೋ, ಗೊತ್ತಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಈಗ ಅದೇ ಅಂಗಳದಲ್ಲಿ ಒಂದು ಅಂಬಾಸಿಡರ್ ನಿಂತಿದೆಯಂತೆ. ಮೀಟರಿನಲ್ಲಿ ನಲವತ್ತೊಂದು ಸಾವಿರವಂತೆ.