ವಿದ್ಯಾನಗರದಿಂದ ಕಲಬುರಗಿಗೆ 18 ನಿಮಿಷ: ವಿಮಾನ ದೂರ ಲೆಕ್ಕದ ಒಂದು ಆ್ಯಪ್‌ನ ವಿಮರ್ಶೆ

ಮಂಡಿನೋವಿನಿಂದ ಬಳಲುವ ಅವ್ವನನ್ನು ಬಳ್ಳಾರಿಯಿಂದ ಕಲಬುರಗಿಯ ಅಕ್ಕನ ಮನೆಗೆ ಕರೆದೊಯ್ಯಬೇಕಾಗಿತ್ತು. ವಿಮಾನದಲ್ಲಿ ಹೋದರೆ ಎಷ್ಟು ಹೊತ್ತು ಹಿಡಿದೀತೆಂದು ತಿಳಿಯಲು, ಎರಡು ನಿಲ್ದಾಣಗಳ ಹೆಸರು ಕೊಟ್ಟರೆ ದೂರ ಮತ್ತು ಹಾರಾಟದ ಅವಧಿಯನ್ನು ತೋರಿಸುವ ಆ್ಯಪ್ ಒಂದನ್ನು ಬಳಸಿದೆ. ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಿಂದ ಕಲಬುರಗಿಗೆ 240 ಕಿಲೋಮೀಟರ್, 18 ನಿಮಿಷ ಎಂಬ ಉತ್ತರ ಬಂತು.

ದೂರದ ವಿಷಯದಲ್ಲಿ ಈ ಆ್ಯಪ್ ನಂಬಿಕೆಗೆ ಅರ್ಹವಾಗಿದೆ. ವಿದ್ಯಾನಗರ ಸುಮಾರು 15.17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿಯೂ ಕಲಬುರಗಿ ನಿಲ್ದಾಣ 17.31ರಲ್ಲಿಯೂ ಇವೆ, ಒಂದು ಡಿಗ್ರಿಗೆ 111 ಕಿಲೋಮೀಟರ್‌ನಂತೆ ಲೆಕ್ಕ ಹಾಕಿ, ರೇಖಾಂಶದ ಸಣ್ಣ ವ್ಯತ್ಯಾಸವನ್ನೂ ಸೇರಿಸಿದಾಗ ನನಗೂ ಅದೇ ಅಂಕಿ ದೊರೆಯಿತು. ಸಿಂಧನೂರಿನ ಆಸುಪಾಸಿನಲ್ಲಿ ಸಾಗುವ ಈ ನೇರ ಗೆರೆ ತುಂಗಭದ್ರೆ, ಕೃಷ್ಣೆ, ಭೀಮೆ ಮೂರನ್ನೂ ದಾಟುತ್ತದೆ. ರಸ್ತೆಯಾದರೋ ಸೇತುವೆ ಇರುವ ಕಡೆಗೇ ಹೋಗಬೇಕು, ಊರೂರು ಮುಟ್ಟಿ ಸಾಗಬೇಕು. ಅದು ಈ ಗೆರೆಗಿಂತ ಉದ್ದವಾಗಿರುವುದರಲ್ಲಿ ಆಶ್ಚರ್ಯವಿಲ್ಲ.

ಅವಧಿಯ ಲೆಕ್ಕವನ್ನು ಮಾತ್ರ ಒಪ್ಪಲಾರೆ. 240 ಕಿಲೋಮೀಟರನ್ನು 800ರಿಂದ ಭಾಗಿಸಿದರೆ ಸರಿಯಾಗಿ 18 ನಿಮಿಷ ಬರುತ್ತದೆ; ಎಂದರೆ ದೊಡ್ಡ ಜೆಟ್ ವಿಮಾನವೊಂದು ಎತ್ತರಕ್ಕೇರಿದ ಮೇಲೆ ಹಿಡಿಯುವ ವೇಗವನ್ನೇ ಇಡೀ ದಾರಿಗೆ ಅನ್ವಯಿಸಲಾಗಿದೆ. ಇಷ್ಟು ಕಡಿಮೆ ದೂರದಲ್ಲಿ ವಿಮಾನ ಮೇಲೇರುವುದರಲ್ಲಿ ಮತ್ತು ಕೆಳಗಿಳಿಯುವುದರಲ್ಲಿಯೇ ದಾರಿಯ ಬಹುಭಾಗ ಕಳೆದುಹೋಗುತ್ತದೆ. ಸಣ್ಣ ನಿಲ್ದಾಣಗಳಲ್ಲಿ ಹೆಚ್ಚಾಗಿ ಕಾಣುವ ಎಟಿಆರ್ 72ರಂಥ ಪ್ರೊಪೆಲರ್ ವಿಮಾನದ ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್. ಆ ವೇಗದಲ್ಲಿ ಹಾರಾಟಕ್ಕೇ 29 ನಿಮಿಷ ಬೇಕು, ರನ್‌ವೇಯವರೆಗೆ ಸಾಗುವ ಸಮಯ ಬೇರೆ.

ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಈ ಎರಡು ನಿಲ್ದಾಣಗಳ ನಡುವೆ ನೇರ ವಿಮಾನವೇ ಇಲ್ಲವೆಂಬುದನ್ನು ಆ್ಯಪ್ ಎಲ್ಲಿಯೂ ಹೇಳುವುದಿಲ್ಲ. ಜಿಂದಾಲ್ ಉಕ್ಕಿನ ಕಾರ್ಖಾನೆಯ ಬಳಿಯ ವಿದ್ಯಾನಗರಕ್ಕೆ ಉಡಾನ್ ಯೋಜನೆಯಡಿ ಪ್ರಯಾಣಿಕ ವಿಮಾನ ಬಂದದ್ದು 2017ರಲ್ಲಿ. ಅಲ್ಲಿಂದ ದೊರೆತ ಸಂಪರ್ಕ ಹೈದರಾಬಾದ್, ಬೆಂಗಳೂರಿನಂಥ ಮಹಾನಗರಗಳಿಗೆ. ಬೆಂಗಳೂರಿನ ಮೂಲಕ ಕಲಬುರಗಿಗೆ ಹೋಗುವುದಾದರೆ ಆಕಾಶದ ದೂರವೇ 700 ಕಿಲೋಮೀಟರ್ ಮೀರುತ್ತದೆ. ಉತ್ತರಕ್ಕೆ ಹೋಗಬೇಕಾದ ವಯಸ್ಸಾದವರನ್ನು ಮೊದಲು ದಕ್ಷಿಣಕ್ಕೆ ಕರೆದೊಯ್ದು ನಿಲ್ದಾಣದಲ್ಲಿ ಕೂರಿಸಬೇಕಾಗುತ್ತದೆ. ಕಲ್ಯಾಣ ಕರ್ನಾಟಕದ ವಿಭಾಗೀಯ ಕೇಂದ್ರವಾದ ಕಲಬುರಗಿಗೆ ಕೆಲಸದ ಮೇಲೆ ಹೋಗುವ ಬಳ್ಳಾರಿಯವರು ಕಡಿಮೆಯೇನಲ್ಲ. ಅವರಿಗೂ ಈ 18 ನಿಮಿಷ ತಪ್ಪು ಭರವಸೆಯನ್ನೇ ಕೊಡುತ್ತದೆ.

ಹುಡುಕುವ ಜಾಗದಲ್ಲಿ ‘ಬಳ್ಳಾರಿ’ ಎಂದು ಬರೆದರೆ ಬಿಇಪಿ ಸಂಕೇತದ, ನಗರದ ಹಳೆಯ ವಿಮಾನ ನಿಲ್ದಾಣ ಮೊದಲು ಕಾಣಿಸುತ್ತದೆ. ಪ್ರಯಾಣಿಕರಿಗೆ ಬೇಕಾದದ್ದು ವಿಡಿವೈ ಸಂಕೇತದ ವಿದ್ಯಾನಗರ. ಅದು ಬಳ್ಳಾರಿಯಿಂದ ಹೊಸಪೇಟೆ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್ ಆಚೆಗಿದೆ. ಮೊದಲ ಸಲ ಬಳಸುವವರು ಇಲ್ಲಿ ಎಡವುವುದು ಸಹಜ.

ದೂರ ತಿಳಿಯಲಷ್ಟೇ ಈ ಆ್ಯಪ್ ಬಳಸುವವರಿಗೆ 5ರಲ್ಲಿ 4 ಅಂಕ ಕೊಡಬಹುದು. ಪ್ರಯಾಣದ ಯೋಜನೆ ಹಾಕುವವರಿಗೆ 2ಕ್ಕಿಂತ ಹೆಚ್ಚು ಕೊಡಲಾರೆ. ‘ಈ ಮಾರ್ಗದಲ್ಲಿ ನೇರ ವಿಮಾನವಿಲ್ಲ’ ಎಂಬ ಒಂದು ಸಾಲನ್ನು ಸೇರಿಸಿದರೆ ನನ್ನ ಅಂಕವನ್ನು ಸಂತೋಷದಿಂದ ಬದಲಾಯಿಸುತ್ತೇನೆ. ಅವ್ವನನ್ನು ಕಡೆಗೆ ಸಿರುಗುಪ್ಪ, ಸಿಂಧನೂರು, ಲಿಂಗಸುಗೂರು ದಾರಿಯಾಗಿ ಕಾರಿನಲ್ಲಿಯೇ ಕರೆದೊಯ್ದೆವು. ಕಾಲು ಚಾಚಿ ಕೂರಲೆಂದು ನಡುವೆ ಎರಡು ಕಡೆ ನಿಲ್ಲಿಸಿದ್ದೂ ಸೇರಿ ಅಕ್ಕನ ಮನೆ ತಲುಪಲು ಆರೂವರೆ ಗಂಟೆ ಹಿಡಿಯಿತು.