ಬಣ್ಣ ಹಾಕಿದ ಅನಿಮೋನ್ ಕೊಳ್ಳಬೇಡಿ

ಕ್ಲೌನ್ ಮೀನಿನ ಜೋಡಿಗೆ ಅನಿಮೋನ್ (ಆ ಮೀನು ಎಳೆಗಳ ನಡುವೆ ಆಸರೆ ಪಡೆಯುವ, ಹೂವಿನ ಹಾಗೆ ಕಾಣುವ ಕಡಲ ಪ್ರಾಣಿ) ತರೋಣ ಅಂತಿರುವವರು ದಯವಿಟ್ಟು ಇದನ್ನು ಓದಿ. ಕಣ್ಣು ಕುಕ್ಕುವ ಹಳದಿ, ನೇರಳೆ, ಗಿಳಿಹಸಿರು ಬಣ್ಣದ್ದಕ್ಕೆ ಮನಸೋತಿದ್ದರಂತೂ ಖಂಡಿತ ಓದಿ.

ದಾವಣಗೆರೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟವರೇ ಕಡಿಮೆ. ಏನೇ ಬೇಕಿದ್ದರೂ ಅಂಗಡಿಯವರಿಗೆ ಹೇಳಿ ಹೊರಗಿನಿಂದ ತರಿಸಬೇಕು, ನೋಡಿ ಆರಿಸುವ ಮಾತೇ ಇಲ್ಲ. ನನಗೆ ಹಾಗೆ ಬಂದದ್ದು ಒಂದು ಹಳದಿ ಅನಿಮೋನ್. "ಅಪರೂಪದ ಬಣ್ಣ ಸರ್, ಮೀನು ಇವತ್ತೇ ಒಳಗೆ ಹೋಗಿ ಕೂರುತ್ತೆ" ಅಂತ ಹೇಳಿ ಕೊಟ್ಟರು. ಕವರ್ ಬಿಚ್ಚಿದರೆ ಒಳಗಿನ ನೀರೂ ತಿಳಿ ಹಳದಿ. ಕೇಳಿದ್ದಕ್ಕೆ ದಾರಿಯ ಸುಸ್ತು, ಸರಿಹೋಗುತ್ತೆ ಅಂದರು. ಅದು ಡೈ ಬಿಡುತ್ತಿತ್ತು.

ಈ ಅನಿಮೋನ್‌ಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಬೆಳಕು ಬಿದ್ದಾಗ ಅದು ಆಹಾರ ತಯಾರಿಸುತ್ತದೆ, ಅದರಲ್ಲೇ ಅನಿಮೋನ್‌ನ ಹೊಟ್ಟೆಯೂ ಬಹುಪಾಲು ತುಂಬುತ್ತದೆ. ಕಂದು ಛಾಯೆ ಬರುವುದೂ ಆ ಪಾಚಿಯಿಂದಲೇ. ಸಾಗಾಟದ ಕತ್ತಲೆ, ಬಿಸಿ, ಕೆಟ್ಟ ನೀರು ಇವುಗಳಿಂದ ಪಾಚಿ ಹೋಗಿಬಿಟ್ಟರೆ ಮೈ ಬೆಳ್ಳಗಾಗುತ್ತದೆ. ಅಂಥದ್ದಕ್ಕೆ ಬಣ್ಣ ಹಾಕಿ ಮಾರುತ್ತಾರೆ. ನೀವು ದುಡ್ಡು ಕೊಟ್ಟು ತರುವುದು ಹಸಿದು ಸಾಯುತ್ತಿರುವ ಪ್ರಾಣಿಯನ್ನು. ಸೆಬೆ ಅನಿಮೋನ್ ಅಂತ ಮಾರುವ, ಅಚ್ಚ ಬಿಳಿ ಮೈಗೆ ತುದಿ ಮಾತ್ರ ನೇರಳೆ ಇರುವುದೂ ಹೆಚ್ಚಾಗಿ ಇದೇ ಸ್ಥಿತಿಯಲ್ಲಿರುತ್ತದೆ.

ನನ್ನದು ದಿನೇ ದಿನೇ ಮುದುಡಿತು. ಬಾಯಿ ತೆರೆದೇ ಇರುತ್ತಿತ್ತು, ಬೆರಳು ತಾಗಿಸಿದರೆ ಎಳೆಗಳು ಅಂಟುತ್ತಿರಲಿಲ್ಲ, ಚೆನ್ನಾಗಿದ್ದರೆ ಅಂಟಬೇಕು. ಮೀನುಗಳು ಅದರ ಹತ್ತಿರವೂ ಸುಳಿಯಲಿಲ್ಲ. ಒಂದು ಜಾಗದಲ್ಲಿ ನಿಲ್ಲದೆ ಗಾಜಿನ ಮೇಲೆ ಸರಿಯುತ್ತಾ ಹೋಗಿ, ಕರೆಂಟ್ ಇಲ್ಲದ ಒಂದು ರಾತ್ರಿ ನೀರನ್ನು ಅಲೆಯಾಡಿಸುವ ವೇವ್‌ಮೇಕರ್ ಮೇಲೇ ಕೂತಿದೆ. ಕರೆಂಟ್ ಬಂತು, ಫ್ಯಾನ್ ತಿರುಗಿತು. ಬೆಳಿಗ್ಗೆ ನೋಡಿದರೆ ನೀರು ಹಾಲಿನ ಹಾಗೆ, ಮೇಲೆಲ್ಲ ನೊರೆ, ಹಳದಿ ಚೂರುಗಳು, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಮೀನಿಗೆ ವಿಷವಾದ ಅಮೋನಿಯಾ ಏರಿತ್ತು. ಜೋಡಿಯಲ್ಲಿ ದೊಡ್ಡದು, ಅಂದರೆ ಹೆಣ್ಣು, ಮರಳ ಮೇಲೆ ಬಿದ್ದಿತ್ತು. ಅಂಗಡಿಗೆ ಫೋನ್ ಮಾಡಿದರೆ "ಜೀವ ಇರೋದಕ್ಕೆ ಗ್ಯಾರಂಟಿ ಇಲ್ಲ ಸರ್" ಅಂದರು. ಬಣ್ಣ ಹಾಕಿದ ವಿಷಯಕ್ಕೆ ಉತ್ತರವೇ ಇಲ್ಲ. ನನಗೆ ಇವತ್ತಿಗೂ ಸಿಟ್ಟಿದೆ.

ಇನ್ನೊಂದು ಮಾತು. ಅನಿಮೋನ್ ಇಲ್ಲದಿದ್ದರೆ ಕ್ಲೌನ್ ಮೀನು ಬದುಕಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಡಲಲ್ಲಿ ಅದಕ್ಕೆ ಆ ಆಸರೆ ಬೇಕು, ತಿನ್ನಲು ಬರುವ ಮೀನುಗಳಿಲ್ಲದ ಟ್ಯಾಂಕ್‌ನಲ್ಲಿ ಬೇಡ. 1000ಕ್ಕೂ ಜಾಸ್ತಿ ಜಾತಿಯ ಅನಿಮೋನ್‌ಗಳಲ್ಲಿ ಕ್ಲೌನ್ ಮೀನು ಸೇರಿಕೊಳ್ಳುವುದು ಸುಮಾರು 10ರಲ್ಲಿ ಮಾತ್ರ, ಅದರಲ್ಲೂ ಎಲ್ಲಾ ಮೀನು ಎಲ್ಲದಕ್ಕೂ ಹೋಗಲ್ಲ. ನಮ್ಮಲ್ಲಿ ಜಾಸ್ತಿ ಸಿಗುವ ಒಸೆಲ್ಲಾರಿಸ್ ಜಾತಿಯ ಕ್ಲೌನ್ ಮೀನು ಕಡಲಲ್ಲಿ ಬಬಲ್ ಟಿಪ್ ಅನ್ನುವ ಅನಿಮೋನ್‌ನಲ್ಲಿ ವಾಸಿಸುವುದಿಲ್ಲ. ಟ್ಯಾಂಕ್‌ನಲ್ಲಿ ಎಷ್ಟೋ ಸಲ ಒಗ್ಗಿಕೊಳ್ಳುತ್ತದೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ತಿರುಗಿಯೂ ನೋಡಲ್ಲ. ಆದರೂ ಬೇಕೇ ಬೇಕು ಅಂದರೆ ಕಂದು ಛಾಯೆಯ ಬಬಲ್ ಟಿಪ್ಪೇ ವಾಸಿ. ಕಾರ್ಪೆಟ್ ಅನಿಮೋನ್ ಬೇರೆ ಮೀನುಗಳನ್ನು ಹಿಡಿದು ತಿನ್ನುತ್ತದೆ, ಚಿಕ್ಕ ಟ್ಯಾಂಕ್‌ಗೆ ಬೇಡವೇ ಬೇಡ.

ಟ್ಯಾಂಕ್‌ಗೆ ಕನಿಷ್ಠ 6 ತಿಂಗಳಾದರೂ ಆಗಿರಲಿ. ನಮ್ಮ ಬೋರ್ ನೀರಿಗೆ ಉಪ್ಪು ಕಲಸಬೇಡಿ, ಆರ್‌ಒ ನೀರೇ ಬೇಕು. ಉಪ್ಪುನೀರಿನ ಸಾಂದ್ರತೆ (ಸ್ಪೆಸಿಫಿಕ್ ಗ್ರಾವಿಟಿ) 1.025ರ ಆಸುಪಾಸು, ಬಿಸಿ 25–26 ಡಿಗ್ರಿ. ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ನೀರು ತಣಿಸುವ ಚಿಲ್ಲರ್ ಇಲ್ಲದೆ ಇದು ಕಷ್ಟ ಅಂತ ಮೊದಲೇ ಲೆಕ್ಕ ಹಾಕಿ. ವೇವ್‌ಮೇಕರ್‌ಗೆ ಜಾಲರಿ ಕಟ್ಟಿ. ದುಡ್ಡು ಕೊಡುವ ಮೊದಲು ವಿಡಿಯೋ ಕೇಳಿ: ಬಾಯಿ ಮುಚ್ಚಿರಬೇಕು, ಬುಡ ಹರಿದಿರಬಾರದು.

ಈಗಾಗಲೇ ಬಣ್ಣದ್ದು ತಂದಿದ್ದರೆ ಸಿಗಡಿಯನ್ನು ಕಾಳಿನಷ್ಟು ಚಿಕ್ಕದಾಗಿ ಹೆಚ್ಚಿ, ಎರಡು ಮೂರು ದಿನಕ್ಕೊಮ್ಮೆ ಬಾಯಿಯ ಹತ್ತಿರ ಇಡಿ, ಬೆಳಕನ್ನು ನಿಧಾನವಾಗಿ ಜಾಸ್ತಿ ಮಾಡಿ. ತಿಂಗಳುಗಳ ಮೇಲೆ ಕಂದು ಬಣ್ಣ ಮರಳಿ ಬಂದು ಉಳಿದುಕೊಂಡವೂ ಇವೆ. ಮೈ ಕರಗಿ ವಾಸನೆ ಬರತೊಡಗಿದರೆ ಮಾತ್ರ ನಾಳೆ ನೋಡೋಣ ಅನ್ನಬೇಡಿ, ಆಗಲೇ ತೆಗೆದು ನೀರು ಬದಲಿಸಿ.