ಡೊಂಬಿವಲಿಯ ಫ್ಯಾಮಿಲಿ ಹೆಲ್ತ್ ಚೆಕಪ್: ಪ್ಯಾಕೇಜಿಗೆ 3 ಸ್ಟಾರ್, ಸ್ಕಿನ್ ಡಾಕ್ಟರಿಗೆ 5

ಮೊದ್ಲೇ ಹೇಳ್ತೇನೆ, ಹೊರಗೆ ಹಾಕಿರುವ "82 ಟೆಸ್ಟ್" ಬ್ಯಾನರ್ ನೋಡಿ ಹೋಗುದಾದ್ರೆ ಬೇಡ, ಒಳಗೆ ಕೂತಿರುವ ಸ್ಕಿನ್ ಡಾಕ್ಟರ್‌ಗೋಸ್ಕರ ಹೋಗಿ. ಈ ಸೆಂಟರ್ ಮುಂಬೈ ಹತ್ರದ ಡೊಂಬಿವಲಿ ಸ್ಟೇಷನ್ನಿಂದ ನಡ್ಕೊಂಡು ಹೋಗುವಷ್ಟೇ ದೂರ, ಈಸ್ಟ್ ಸೈಡಲ್ಲಿ. ನಾವು ಮನೆ ಮಂದಿಯೆಲ್ಲ ಒಟ್ಟಿಗೆ ಹೋದದ್ದು, ಅಂದ್ರೆ ನಾನು, ಇವರು, ಅತ್ತೆ ಮತ್ತೆ ಎಂಟನೇ ಕ್ಲಾಸಿನ ಮಗ. ಇವರದ್ದು ಸೈಟ್ ಸುಪರ್ವೈಸರ್ ಕೆಲಸ, ಬೆಳಗ್ಗೆಯಿಂದ ಸಂಜೆವರೆಗೆ ನವಿ ಮುಂಬೈ ಬಿಸಿಲಲ್ಲೇ ನಿಲ್ಲುದು. ಫ್ಯಾಮಿಲಿ ಪ್ಯಾಕೇಜಲ್ಲಿ ಒಂದು ಡರ್ಮಟಾಲಜಿ (ಚರ್ಮದ ಡಾಕ್ಟರ್) ಕನ್ಸಲ್ಟೇಶನ್ ಫ್ರೀ ಅಂತ ಇತ್ತು, ಅದಕ್ಕೇ ಇದನ್ನು ಆರಿಸಿದ್ದು.

82 ಟೆಸ್ಟಿನ ಕತೆ ಮೊದ್ಲು ಮುಗಿಸ್ತೇನೆ, ಯಾಕಂದ್ರೆ ಎಲ್ಲ ಲ್ಯಾಬಿನವರದ್ದೂ ಇದೇ ಲೆಕ್ಕ. ರಕ್ತದ ಕಣ ಎಣಿಸುವ ಸಿಬಿಸಿ ಅಂತ ಒಂದು ಟೆಸ್ಟ್ ಉಂಟಲ್ಲ, ಒಂದೇ ಟ್ಯೂಬ್ ರಕ್ತ, ಒಂದೇ ಮೆಶಿನ್, ಆದ್ರೆ ಹಿಮೋಗ್ಲೋಬಿನ್, ಪ್ಲೇಟ್ಲೆಟ್, ಎಂಸಿವಿ, ಎಂಸಿಎಚ್ ಅಂತ ರಿಪೋರ್ಟಲ್ಲಿ ಬರುವ ಒಂದೊಂದು ಸಾಲನ್ನೂ ಲ್ಯಾಬಿನವರು ಒಂದೊಂದು ಟೆಸ್ಟ್ ಅಂತ ಎಣಿಸ್ತಾರೆ. ಲಿಪಿಡ್ ಪ್ರೊಫೈಲಲ್ಲಿ, ಅಂದ್ರೆ ರಕ್ತದ ಕೊಬ್ಬಿನ ಟೆಸ್ಟಲ್ಲಿ, ಟೋಟಲ್ ಕೊಲೆಸ್ಟ್ರಾಲನ್ನು ಒಳ್ಳೆ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್‌ನಿಂದ ಭಾಗಿಸಿದ್ರೆ ಅದೂ ಒಂದು ಟೆಸ್ಟ್ ಅಂತೆ ಮಾರಾಯ್ರೆ, ನಮ್ಮ ಮಗನೇ ಮಾಡಿ ಕೊಡ್ತಾನೆ ಅದನ್ನು. ನಿಜವಾಗಿ ನೋಡಿದ್ರೆ ಸಿಬಿಸಿ, ಶುಗರ್, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಶುಗರಿನ ಸರಾಸರಿ), ಲಿಪಿಡ್, ಲಿವರ್, ಕಿಡ್ನಿ, ಥೈರಾಯ್ಡ್, ಯೂರಿನ್, ವಿಟಮಿನ್ ಡಿ ಮತ್ತೆ ಬಿ12, ಅಷ್ಟೇ. ಅಷ್ಟು ಸಾಕು ಕೂಡ. ಹಾಗಾಗಿ ನಂಬರ್ ನೋಡಿ ಕಂಪೇರ್ ಮಾಡ್ಬೇಡಿ, ಲಿಸ್ಟ್ ತೆಕ್ಕೊಂಡು ಓದಿ, ಮತ್ತೆ ರಿಪೋರ್ಟಲ್ಲಿ ಎನ್‌ಎಬಿಎಲ್ (ಲ್ಯಾಬಿನ ಗುಣಮಟ್ಟದ ಮಾನ್ಯತೆ) ಗುರುತು ಉಂಟಾ ಕೇಳಿ, ಇಲ್ಲಿ ಇತ್ತು.

ರಕ್ತ ತೆಗೆಯುವ ಹುಡುಗಿ ಒಳ್ಳೆ ಕೈಗುಣದವಳು, ಅತ್ತೆಯ ನರ ಸಿಗುದೇ ಕಷ್ಟ, ಅವಳು ಒಂದೇ ಸಲಕ್ಕೆ ತೆಗ್ದಳು. ಇನ್ನೊಂದು ಮೆಚ್ಚಿದ್ದು, ಬುಕಿಂಗ್ ಮಾಡುವಾಗಲೇ ಕೂದಲು ಉದುರುದಕ್ಕೆ ಬಯೋಟಿನ್ ಮಾತ್ರೆ ತೆಕ್ಕೊಳ್ತೀರಾ ಅಂತ ಕೇಳಿದ್ರು, ಎರಡು ದಿನ ಮೊದ್ಲೇ ನಿಲ್ಲಿಸ್ಲಿಕ್ಕೆ ಹೇಳಿದ್ರು, ಇಲ್ಲದಿದ್ರೆ ಥೈರಾಯ್ಡ್ ರಿಪೋರ್ಟ್ ಉಲ್ಟಾ ಸೀದಾ ಬರ್ತದಂತೆ. ಇದು ತುಂಬ ಲ್ಯಾಬಲ್ಲಿ ಕೇಳುದೇ ಇಲ್ಲ. ಆದ್ರೆ ಬಿಪಿ ನೋಡಿದ ರೀತಿ ಸರಿ ಇಲ್ಲ. ಲಿಫ್ಟ್ ಬಂದ್ ಇತ್ತು, ಅತ್ತೆ ಎರಡು ಮಾಳಿಗೆ ಮೆಟ್ಟಿಲು ಹತ್ತಿ ಏದುಸಿರು ಬಿಡ್ತಾ ಬಂದು ಕೂತ ಕೂಡ್ಲೇ ಅಲ್ಲಿಯ ಹುಡುಗ ಪಟ್ಟಿ ಕಟ್ಟಿ 158 ಅಂತ ಬರ್ಕೊಂಡ. ಐದು ನಿಮಿಷ ಸುಮ್ನೆ ಕೂರಿಸಿ, ಕಾಲು ನೆಲಕ್ಕೆ ತಾಗಿಸಿ, ಕೈ ಟೇಬಲ್ ಮೇಲಿಟ್ಟು ನೋಡ್ಬೇಕು. ಆಮೇಲೆ ಫಿಜಿಶಿಯನ್ ಹಾಗೆ ನೋಡುವಾಗ 136 ಬಂತು. ನಿಮ್ಮ ಮನೆಯ ಹಿರಿಯರನ್ನು ಕರ್ಕೊಂಡು ಹೋದ್ರೆ ಇದೊಂದು ಗಮನ ಇಡಿ, ಸುಮ್ನೆ ಬಿಪಿ ಮಾತ್ರೆ ಶುರು ಆಗಿ ಬಿಡ್ತದೆ. ಇಸಿಜಿ, ಕಣ್ಣು ಎಲ್ಲ ಬೇಗ ಮುಗೀತು, ಹೇಳುವಂಥದ್ದು ಏನಿಲ್ಲ. ನಾಷ್ಟಾಕ್ಕೆ ಕೊಟ್ಟದ್ದು ಬಿಳಿ ಬ್ರೆಡ್ಡಿನ ಸ್ಯಾಂಡ್‌ವಿಚ್, ಜ್ಯೂಸ್ ಪ್ಯಾಕೆಟ್, ಸಕ್ಕರೆ ಹಾಕಿದ ಚಾ. ಶುಗರ್ ಟೆಸ್ಟ್ ಮಾಡ್ಲಿಕ್ಕೆ ಬಂದವರಿಗೆ! ನಾವು ಕೆಳಗಿನ ಶೆಟ್ರ ಹೋಟ್ಲಲ್ಲಿ ಇಡ್ಲಿ ತಿಂದು ಬಂದ್ವಿ.

ಈಗ ಸ್ಕಿನ್ ಡಾಕ್ಟರ್. ಮರಾಠಿ ಮೇಡಮ್ಮು, ಸಣ್ಣ ಪ್ರಾಯ, ಜಾಸ್ತಿ ನಗುದಿಲ್ಲ, ಆದ್ರೆ ನೋಡುದು ಅಂದ್ರೆ ನೋಡುದೇ. ಮಗನನ್ನು ನಾವು ತೋರಿಸ್ಲಿಕ್ಕೆ ಕರ್ಕೊಂಡು ಹೋಗಿದ್ದೇ ಅಲ್ಲ, ಅವ ಮೂಲೆಯಲ್ಲಿ ಮೊಬೈಲ್ ಹಿಡ್ಕೊಂಡು ಕೂತಿದ್ದ. ಮೇಡಮ್ ಇವರ ಜೊತೆ ಮಾತಾಡ್ತಾ ಮಾತಾಡ್ತಾ ಅವನನ್ನು ಹತ್ರ ಕರೆದು ಕಾಲರ್ ಹಿಂದೆ ಸರಿಸಿ ಕುತ್ತಿಗೆ ನೋಡಿದ್ರು. ಅವನ ಕುತ್ತಿಗೆ ಹಿಂದೆ ಕಪ್ಪು ಪಟ್ಟಿ, ಮುಟ್ಟಿದ್ರೆ ವೆಲ್ವೆಟ್ ಹಾಗೆ ದಪ್ಪ, ಗೆರೆಗೆರೆ. ಅತ್ತೆ ಅದನ್ನು ಕೊಳೆ ಅಂತ ಕಡ್ಲೆಹಿಟ್ಟು, ಲಿಂಬೆಹಣ್ಣು ಎಲ್ಲ ಹಾಕಿ ತಿಕ್ಕಿ ತಿಕ್ಕಿ ಸುಸ್ತಾಗಿದ್ರು, "ಸರಿ ಮಿಂದು ಬಾ" ಅಂತ ದಿನಾ ಜಗಳ. ಮೇಡಮ್ ಕಂಕುಳನ್ನೂ ನೋಡಿದ್ರು, ಅಲ್ಲೂ ಇತ್ತು. ಇದು ಕೊಳೆ ಅಲ್ಲ, ಅಕ್ಯಾಂಥೋಸಿಸ್ ನಿಗ್ರಿಕನ್ಸ್ ಅಂತ, ಹೆಚ್ಚಿನ ಸಲ ಒಳಗೆ ಇನ್ಸುಲಿನ್ ಸರಿ ಕೆಲಸ ಮಾಡದೆ ರಕ್ತದಲ್ಲಿ ಜಾಸ್ತಿ ಆದಾಗ ಚರ್ಮ ಹೀಗೆ ದಪ್ಪ ಆಗ್ತದೆ, ತಿಕ್ಕುದು ನಿಲ್ಲಿಸಿ, ಇವನಿಗೂ ಶುಗರ್ ಮಾಡಿಸಿ ಅಂತ ಹೇಳಿದ್ರು. ಪ್ಯಾಕೇಜಲ್ಲಿ ಮಗನ ಬ್ಲಡ್ ಟೆಸ್ಟ್ ಇರಲೇ ಇಲ್ಲ, ಸಪರೇಟ್ ದುಡ್ಡು ಕೊಟ್ಟು ಮಾಡಿಸಿದ್ದು. ಎಚ್‌ಬಿಎ1ಸಿ 5.8 ಬಂತು. 5.7ರಿಂದ 6.4ರ ಒಳಗೆ ಇದ್ರೆ ಪ್ರಿಡಯಾಬಿಟೀಸ್, 6.5 ಆದ್ರೆ ಡಯಾಬಿಟೀಸ್. ಈಗ ಅವನ ಸ್ಕೂಲ್ ಕ್ಯಾಂಟೀನ್ ವಡಾಪಾವ್ ಬಂದ್, ಸಂಜೆ ಕ್ರಿಕೆಟ್ ಶುರು, ತೂಕ ಇಳಿದ್ರೆ ಕಪ್ಪೂ ತನ್ನಿಂದ ತಾನೇ ಕಮ್ಮಿ ಆಗ್ತದಂತೆ, ಕ್ರೀಮ್ ಏನೂ ಬರೀಲಿಲ್ಲ. ಕ್ರೀಮ್ ಬರೀದ ಸ್ಕಿನ್ ಡಾಕ್ಟರನ್ನು ನಾನು ಮುಂಬೈಯಲ್ಲಿ ಇವರೊಬ್ಬರನ್ನೇ ನೋಡಿದ್ದು.

ಇವರದ್ದು ಬೇರೆ ಕತೆ. ಸೊಂಟದ ಸುತ್ತ, ತೊಡೆ ಸಂದಲ್ಲಿ ಗಜಕರ್ಣ, ಬೆವರು, ದಪ್ಪ ಜೀನ್ಸ್, ಲೋಕಲ್ ಟ್ರೈನಲ್ಲಿ ಒಬ್ಬರ ಮೇಲೊಬ್ಬರು ಒತ್ತಿಕೊಂಡು ಹೋಗುದು, ಮುಂಬೈ ಮಳೆಗಾಲದಲ್ಲಿ ಒಣಗದ ಚಡ್ಡಿ, ಬಾರದೆ ಇನ್ನೇನು. ಇವರು ಮೆಡಿಕಲ್‌ನವನ ಹತ್ರ "ಖುಜ್ಲಿ ಕಾ ಟ್ಯೂಬ್ ದೇ" (ತುರಿಕೆಯ ಟ್ಯೂಬ್ ಕೊಡು) ಅಂತ ತಂದು ಹಚ್ಚುದು, ನಾಲ್ಕು ದಿನದಲ್ಲಿ ಮಾಯ, ಬಿಟ್ಟ ಕೂಡ್ಲೇ ಡಬಲ್ ಆಗಿ ವಾಪಸ್. ಮೇಡಮ್ ಟ್ಯೂಬ್ ತೋರಿಸಿ ಅಂದ್ರು, ಇವರ ಬ್ಯಾಗಲ್ಲೇ ಇತ್ತು. ಕನ್ನಡಕ ಸರಿ ಮಾಡ್ಕೊಂಡು ಹಿಂದಿನ ಸಣ್ಣ ಅಕ್ಷರ ಓದಿ ಬೆರಳಿಟ್ಟು ತೋರಿಸಿದ್ರು, ಕ್ಲೊಬೆಟಾಸೋಲ್. ಅದು ಸ್ಟೆರಾಯ್ಡ್, ಸಾಮಾನ್ಯದ್ದಲ್ಲ, ಭಾರೀ ಸ್ಟ್ರಾಂಗ್. ತುರಿಕೆ, ಕೆಂಪು ಅಡಗಿಸ್ತದೆ, ಆದ್ರೆ ಒಳಗೆ ಗಜಕರ್ಣದ ಫಂಗಸ್‌ಗೆ ಹಬ್ಬ, ಮತ್ತೆ ಆ ಜಾಗದ ಚರ್ಮ ತೆಳು ಆಗಿ ಗೆರೆ ಬೀಳ್ತದೆ, ಇವರ ತೊಡೆಯಲ್ಲಿ ಆಗ್ಲೇ ಬಿದ್ದಿತ್ತು. ಇಂಥ ಟ್ಯೂಬ್ ಡಾಕ್ಟರ ಚೀಟಿ ಇಲ್ಲದೆ ಕೊಡ್ಬಾರ್ದು ಅಂತ ಕಾನೂನೇ ಉಂಟು, ಕೊಡುವವ ಕೊಡ್ತಾನೆ, ತೆಕ್ಕೊಳ್ಳುವವ ತೆಕ್ಕೊಳ್ತಾನೆ. ಬರೀ ಆಂಟಿಫಂಗಲ್ ಕೊಟ್ರು, ಕಡಿಮೆ ಆಯ್ತು ಅಂತ ನಡುವಲ್ಲಿ ನಿಲ್ಲಿಸ್ಬೇಡಿ, ಟವೆಲ್ ಎಲ್ಲರದ್ದೂ ಬೇರೆ ಬೇರೆ, ಒಳಬಟ್ಟೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ, ಆಗದಿದ್ರೆ ಇಸ್ತ್ರಿ ಹಾಕಿ ಅಂತ. ಮತ್ತೆ ಮನೆಯಲ್ಲಿ ಬೇರೆ ಯಾರಿಗೆ ಉಂಟು ಅಂತ ಕೇಳಿದ್ರು, ಒಬ್ಬರಿಗೆ ಮಾತ್ರ ಮದ್ದು ಮಾಡಿದ್ರೆ ಪ್ರಯೋಜನ ಇಲ್ಲ ಅಂತ.

ಅತ್ತೆ ಒಳಗೆ ಬರ್ಲಿಕ್ಕೇ ಒಪ್ಪಿರಲಿಲ್ಲ. "ನಂಗೆಂತಕ್ಕೆ ಚರ್ಮದ ಡಾಕ್ಟ್ರು, ನಾನೆಂತ ಸಿನಿಮಾಕ್ಕೆ ಹೋಗ್ಲಿಕ್ಕುಂಟಾ" ಅಂತ. ಒಳಗೆ ಹೋದ ಮೇಲೆ ಮೆಲ್ಲ ಸೆರಗು ಸರಿಸಿ ಮೊಣಕೈ ಕೆಳಗೆ ಇದ್ದ ಬಿಳಿ ಚುಕ್ಕೆಗಳನ್ನು ತೋರಿಸಿದ್ರು, ತೊನ್ನು ಅಂತ ಹೆದರಿ ಊರಿನ ಮದುವೆಗೂ ಉದ್ದ ತೋಳಿನ ರವಿಕೆ ಹಾಕ್ಕೊಂಡು ಹೋಗ್ತಿದ್ರಂತೆ, ನಮಗ್ಯಾರಿಗೂ ಗೊತ್ತಿಲ್ಲ. ಮೇಡಮ್ ಅತ್ತೆಯ ಕಣ್ಣು ಮುಚ್ಚಿಸಿ, ಹತ್ತಿಯನ್ನು ಎಳೆ ಮಾಡಿ ಒಂದೊಂದು ಚುಕ್ಕೆಗೆ ತಾಗಿಸಿ, ತಾಗಿದಾಗ ಬೆರಳಿಟ್ಟು ತೋರಿಸ್ಲಿಕ್ಕೆ ಹೇಳಿದ್ರು. ಅತ್ತೆಗೆ ಮರಾಠಿ ಅರೆಬರೆ, ನಾನು ಕನ್ನಡದಲ್ಲಿ ಹೇಳಿ ಕೊಟ್ಟೆ. ಎಲ್ಲ ಸರಿಯಾಗಿ ತೋರಿಸಿದ್ರು. ತೊನ್ನೂ ಅಲ್ಲ, ಕುಷ್ಠವೂ ಅಲ್ಲ, ಪ್ರಾಯ ಮತ್ತೆ ವರ್ಷಗಟ್ಟಲೆ ತಿಂದ ಬಿಸಿಲಿನಿಂದ ಬರುವ ಚುಕ್ಕೆ, ಏನೂ ಮಾಡ್ಬೇಕಾಗಿಲ್ಲ. ಸ್ಪರ್ಶ ಗೊತ್ತಾಗದ ಮಸುಕು ಕಲೆ ಇದ್ರೆ ಮಾತ್ರ ಬೇಗ ತೋರಿಸ್ಬೇಕು, ಕುಷ್ಠಕ್ಕೆ ಎಂಡಿಟಿ (ಹಲವು ಮದ್ದು ಒಟ್ಟಿಗೆ ಕೊಡುವ) ಮಾತ್ರೆ ಸರಕಾರದಿಂದ ಫ್ರೀ, ಪೂರ್ತಿ ಗುಣ ಆಗ್ತದೆ, ವಡಾಲಾದ ಆಕ್ವರ್ಥ್ ಆಸ್ಪತ್ರೆ 1890ರಿಂದ ಅದಕ್ಕೇ ಇರುದು. ಆಮೇಲೆ ಚಪ್ಪಲಿ ತೆಗೆಸಿ ಅಂಗಾಲು, ಬೆರಳ ಸಂದು, ಉಗುರಿನ ಅಡಿ ಎಲ್ಲ ಲೈಟಿರುವ ಭೂತಗನ್ನಡಿ ಇಟ್ಟು ನೋಡಿದ್ರು. ನಮ್ಮಂಥ ಕಪ್ಪು ಗೋಧಿ ಬಣ್ಣದವರಿಗೆ ಮೆಲನೋಮ ಅಂತ ಕ್ಯಾನ್ಸರ್ ಬರುದೇ ಅಪರೂಪ, ಆದ್ರೆ ಬಂದ್ರೆ ಬಿಸಿಲು ತಾಗದ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಬರುದು ಜಾಸ್ತಿ ಅಂತೆ, ಅಲ್ಲಿ ಯಾರು ನೋಡ್ತಾರೆ. ಮಚ್ಚೆ ಎರಡೂ ಬದಿ ಒಂದೇ ಥರ ಇಲ್ಲದಿದ್ರೆ, ಅಂಚು ಹರಿದ ಹಾಗೆ ಇದ್ರೆ, ಎರಡು ಮೂರು ಬಣ್ಣ ಇದ್ರೆ, 6 ಮಿಲಿಮೀಟರಿಗಿಂತ ದೊಡ್ಡದಿದ್ರೆ, ಎಲ್ಲಕ್ಕಿಂತ ಹೆಚ್ಚಾಗಿ ಬದಲಾಗ್ತಾ ಇದ್ರೆ ತೋರಿಸ್ಬೇಕು.

ನನಗೆ ಕೆನ್ನೆಯಲ್ಲಿ ಬಂಗು. ಇಲ್ಲಿ ಸನ್‌ಸ್ಕ್ರೀನ್ ವಿಷಯ ಸರಿಯಾಗಿ ಅರ್ಥ ಆದದ್ದು. ಎಸ್‌ಪಿಎಫ್ ಅನ್ನುದು ಸುಡುವ ಯುವಿಬಿ ಕಿರಣದ ಲೆಕ್ಕ, 30 ಇದ್ರೆ ಸುಮಾರು 97 ಪರ್ಸೆಂಟ್ ತಡೀತದೆ, 50 ಇದ್ರೆ 98, ಅಂದ್ರೆ 100 ಅಂತ ಬರ್ದದ್ದಕ್ಕೆ ದುಪ್ಪಟ್ಟು ದುಡ್ಡು ಕೊಡುದು ವೇಸ್ಟ್. ಬಂಗಿಗೆ, ಟ್ಯಾನ್‌ಗೆ ಕಾರಣ ಆಗುವ ಯುವಿಎ ಗ್ಲಾಸಿನೊಳಗೂ ಬರ್ತದೆ, ಮೋಡದೊಳಗೂ ಬರ್ತದೆ, ಅದಕ್ಕೆ ಟ್ಯೂಬಲ್ಲಿ ಪಿಎ (ಯುವಿಎ ತಡೆಯುವ ಲೆಕ್ಕ) ಮುಂದೆ ಮೂರೋ ನಾಲ್ಕೋ ಪ್ಲಸ್ ಉಂಟಾ ನೋಡ್ಬೇಕು. ಬಂಗು ಇರುವವರಿಗೆ ಐರನ್ ಆಕ್ಸೈಡ್ ಇರುವ ಟಿಂಟೆಡ್ (ಬಣ್ಣ ಸೇರಿಸಿದ) ಸನ್‌ಸ್ಕ್ರೀನ್ ಒಳ್ಳೇದಂತೆ, ಕಾಣುವ ಬೆಳಕೂ ಬಂಗು ಹೆಚ್ಚಿಸ್ತದೆ, ಮತ್ತೆ ಅದು ಹಚ್ಚಿದ್ರೆ ಯಕ್ಷಗಾನದ ವೇಷದ ಹಾಗೆ ಬೆಳ್ಳಗೆ ಕಾಣುದಿಲ್ಲ. ಎರಡು ಬೆರಳುದ್ದ ಹಿಂಡಿ ಮುಖ, ಕುತ್ತಿಗೆಗೆ ಹಚ್ಚಿ, ಹೊರಗಿದ್ರೆ ಎರಡು ಗಂಟೆಗೊಮ್ಮೆ ವಾಪಸ್. ಇವರು ಸೈಟಲ್ಲಿ ಎರಡು ಗಂಟೆಗೊಮ್ಮೆ ಹಚ್ಚುದು ಆಗದ ಮಾತು ಅಂದ್ರೆ ಮೇಡಮ್ ಹಟ ಮಾಡ್ಲಿಲ್ಲ, ಹಾಗಾದ್ರೆ ಫುಲ್ ಸ್ಲೀವ್ ಕಾಟನ್ ಶರ್ಟ್, ಹೆಲ್ಮೆಟ್ ಹಿಂದೆ ಕುತ್ತಿಗೆಗೆ ಬಟ್ಟೆ, 11ರಿಂದ 3 ಸಾಧ್ಯ ಆದಷ್ಟು ನೆರಳು, ಮುಖಕ್ಕೆ ಬೆಳಗ್ಗೆ ಒಮ್ಮೆ ಊಟದ ನಂತರ ಒಮ್ಮೆ ಅಂದ್ರು. ಹೀಗೆ ಆಗುವಂಥದ್ದು ಹೇಳಿದ್ರೆ ಯಾರಾದ್ರೂ ಮಾಡ್ತಾರೆ. ನಾದಿನಿಯ ಪಾಪುವಿಗೂ ಹಚ್ಬಹುದಾ ಕೇಳಿದೆ, ಆರು ತಿಂಗಳ ಒಳಗೆ ಬೇಡ, ನೆರಳು ಮತ್ತೆ ಟೊಪ್ಪಿ ಸಾಕು. ತೆಂಗಿನೆಣ್ಣೆ ಚರ್ಮ ಒಣಗದ ಹಾಗೆ ನೋಡ್ಕೊಳ್ತದೆ, ಬಿಸಿಲು ತಡೀಲಿಕ್ಕೆ ಅದನ್ನು ನಂಬ್ಬೇಡಿ ಅಂತ ಅತ್ತೆಗೆ ಸ್ಪೆಷಲಾಗಿ ಹೇಳಿದ್ರು.

ಸ್ಟಾರ್ ಕಟ್ ಮಾಡಿದ್ದು ಯಾಕೆ ಅಂದ್ರೆ ಹೊರಗಿನ ಕೌಂಟರ್. ಡಾಕ್ಟರ್ ಬರೀದ ಕೆಮಿಕಲ್ ಪೀಲ್, "ಗ್ಲೋ ಫೇಶಿಯಲ್" ಅಂತ ಒಬ್ಬಳು ಗೇಟಿನವರೆಗೆ ಬೆನ್ನು ಹತ್ತಿದ್ಳು. ಅವರ ಫಾರ್ಮಸಿಯಲ್ಲಿ ಇಟ್ಟಿರುವ ಸನ್‌ಸ್ಕ್ರೀನ್ ದುಬಾರಿ, ಹೊರಗಿನ ಮೆಡಿಕಲಲ್ಲಿ ಅದೇ ಎಸ್‌ಪಿಎಫ್, ಅದೇ ಪಿಎ ಇರುವುದು ಅರ್ಧ ರೇಟಿಗೆ ಸಿಕ್ತು. "ಲೇಡೀಸ್ ಸ್ಪೆಷಲ್" ಪ್ಯಾಕೇಜಿಗೆ ಅಪ್‌ಗ್ರೇಡ್ ಮಾಡಿ ಅಂದ್ರು, ನೋಡಿದ್ರೆ ಅದ್ರಲ್ಲಿ ಸಿಎ 125 ಅಂತ ಅಂಡಾಶಯದ ಕ್ಯಾನ್ಸರಿಗೆ ಸಂಬಂಧಪಟ್ಟ ರಕ್ತದ ಟೆಸ್ಟ್ ಉಂಟು, ಯಾವ ತೊಂದರೆಯೂ ಇಲ್ಲದವರಿಗೆ ಅದನ್ನು ಮಾಡಿಸಿದ್ರೆ ಸುಮ್ನೆ ಹೆದರಿಕೆ, ಬೇರೆ ಕಾರಣಕ್ಕೂ ಏರ್ತದೆ ಅದು. ಆದ್ರೆ ನಿಜವಾಗಿ ಬೇಕಾದ, ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ನೋಡುವ ಪ್ಯಾಪ್ ಸ್ಮಿಯರ್, ಎಚ್‌ಪಿವಿ ಟೆಸ್ಟ್ ಇಲ್ಲವೇ ಇಲ್ಲ! 30 ದಾಟಿದ ಹೆಂಗಸರಿಗೆ ಗರ್ಭಕೋಶದ ಬಾಯಿ, ಎದೆ, ಮತ್ತೆ ಎಲ್ಲರಿಗೂ ಬಾಯಿ, ಬಿಪಿ, ಶುಗರ್ ನೋಡ್ಬೇಕು ಅಂತ ಸರಕಾರದ ಸ್ಕ್ರೀನಿಂಗಲ್ಲೇ ಉಂಟು, ಅದು ಸರಕಾರಿ ದವಾಖಾನೆಯಲ್ಲಿ ಫ್ರೀ. ನಾನು ಅದಕ್ಕೆ ಬೇರೆ ಗೈನಕ್ ಹತ್ರ ಹೋಗ್ಬೇಕಾಯ್ತು. ಇವರು ಹಿಂದೆ ಗುಟ್ಕಾ ಹಾಕ್ತಿದ್ದವರು ಅಂತ ಫಾರ್ಮಲ್ಲಿ ಬರ್ದಿದ್ರೂ ಫಿಜಿಶಿಯನ್ ಬಾಯಿ ತೆರೆಸಿ ನೋಡ್ಲಿಲ್ಲ, ನೋಡಿದ್ದು ಸ್ಕಿನ್ ಮೇಡಮ್ಮೇ. ರಿಪೋರ್ಟ್ ಸಂಜೆ ವಾಟ್ಸಾಪಲ್ಲಿ ಅಂದದ್ದು ಮರುದಿನ ಮಧ್ಯಾಹ್ನ ಬಂತು.

ಹೋಗುವವರಿಗೆ ಕೆಲವು ವಿಷಯ. ಭಾನುವಾರ ಬೇಡ, ಸಂತೆ ಹಾಗೆ ರಶ್ ಇರ್ತದೆ, ಸ್ಕಿನ್ ಡಾಕ್ಟರೂ ಭಾನುವಾರ ಇಲ್ಲ, ಫೋನ್ ಮಾಡಿ ಅವರು ಇರುವ ದಿನವೇ ಬುಕ್ ಮಾಡಿ, ಇಲ್ಲದಿದ್ರೆ ಆ ಫ್ರೀ ಕನ್ಸಲ್ಟೇಶನ್ನಿಗೆ ಇನ್ಯಾರನ್ನೋ ಕೂರಿಸ್ತಾರಂತೆ. ಫ್ರೀ ಅಂತ ಇರುದು ಒಬ್ಬರಿಗೆ ಮಾತ್ರ, ಉಳಿದವರಿಗೆ ಫೀಸ್ ಉಂಟು, ಕೊಡಿ, ಕೊಟ್ಟದ್ದಕ್ಕೆ ಮೋಸ ಇಲ್ಲ. ಹಚ್ಚುವ ಟ್ಯೂಬ್, ತಿನ್ನುವ ಮಾತ್ರೆ ಎಲ್ಲ ಚೀಲದಲ್ಲಿ ಹಾಕ್ಕೊಂಡು ಹೋಗಿ. ಉಗುರಿಗೆ ನೇಲ್ ಪಾಲಿಶ್, ಕಾಲಿಗೆ ಮೆಹೆಂದಿ ಹಾಕ್ಕೊಂಡು ಹೋಗ್ಬೇಡಿ, ಮೇಡಮ್ ಬೈತಾರೆ. ಬಿಲ್ ತೆರಿಗೆ ಕಟ್ಟುವವರ ಹೆಸರಲ್ಲಿ ಕೇಳಿ ತೆಕ್ಕೊಳ್ಳಿ, ಹಳೇ ಟ್ಯಾಕ್ಸ್ ರೆಜೀಮ್‌ನಲ್ಲಿ ಇರುವವರಿಗೆ ಪ್ರಿವೆಂಟಿವ್ ಚೆಕಪ್ಪಿನ ಖರ್ಚಲ್ಲಿ 5,000 ರೂಪಾಯಿವರೆಗೆ ತೆರಿಗೆ ಲೆಕ್ಕದ ಆದಾಯದಿಂದ ಕಳೀಲಿಕ್ಕೆ ಆಗ್ತದೆ, ಕ್ಯಾಶ್ ಕೊಟ್ಟಿದ್ರೂ ನಡೀತದೆ. ಮತ್ತೆ ಲಿಫ್ಟ್ ರಿಪೇರಿ ಆಯ್ತಾ ಅಂತ ಮೊದ್ಲೇ ಕೇಳಿಕೊಳ್ಳಿ, ಪ್ರಾಯದವರಿದ್ರೆ ಆ ಮೆಟ್ಟಿಲು ಕಷ್ಟ.